ಬೀಗದ ಕೈ ಕೇಳಿಕೊಂಡು ಬಂದ ಮೇಟ್ರನ್ ಅಮ್ಮ

ಮೊನ್ನೆ ಚಾಮರಾಜಪುರಂನಲ್ಲಿ ಇಸ್ತ್ರಿ ಅಂಗಡಿಯೊಂದರ ಮುಂದೆ ಹಾದು ಹೋಗುವಾಗ, ಗಂಜಿ ಹಾಕಿದ ಸೀರೆಯ ಮೇಲೆ ಬಿಸಿ ಪೆಟ್ಟಿಗೆ ಎಳೆದ ವಾಸನೆ ಮೂಗಿಗೆ ಬಡಿಯಿತು. ಕಾಲು ತಾನಾಗಿ ನಿಂತಿತು. ನಮ್ಮ ಮೇಟ್ರನ್ ಅಮ್ಮ ವಾರ್ಡಿಗೆ ಬರುವ ಮೊದಲೇ ಈ ವಾಸನೆ ಬರುತ್ತಿತ್ತು. ಹರಟೆ ಹೊಡೆಯುತ್ತಾ ಕುಳಿತ ನಾವು ನರ್ಸುಗಳೆಲ್ಲ ತಕ್ಷಣ ಎದ್ದು, ಮಡಿಸಿಟ್ಟ ಬೆಡ್‌ಶೀಟುಗಳನ್ನೇ ಮತ್ತೆ ಮಡಿಸುತ್ತಿದ್ದೆವು...

ತೊಂಬತ್ತರ ದಶಕದ ನಡುವೆ ನಾನು ಮೈಸೂರಿನ ಒಂದು ಖಾಸಗಿ ಆಸ್ಪತ್ರೆಗೆ ನರ್ಸಾಗಿ ಸೇರಿದೆ. ಕೋಟೆ ತಾಲ್ಲೂಕಿನ ಕಾಡಂಚಿನ ಜೇನುಕುರುಬರ ಹಾಡಿಯಿಂದ ಬಂದವಳು. ನನಗಿಂತ ಮೊದಲು ನಮ್ಮ ಕಡೆಯ ಮೂವರು ಹುಡುಗಿಯರು ಅಲ್ಲಿ ಸೇರಿ, ಹೇಳದೆ ಕೇಳದೆ ಬಿಟ್ಟು ಹೋಗಿದ್ದರು. "ಕಾಡ್ನೋರು ಕಣ್ರೀ, ನಿಲ್ಲಲ್ಲ" ಎಂದು ಮ್ಯಾನೇಜರ್ ನನ್ನೆದುರೇ ಹೇಳಿದರು. ನಿಂತು ತೋರಿಸುತ್ತೇನೆ ಎಂದು ಹಲ್ಲು ಕಚ್ಚಿಕೊಂಡೆ. ನಿಲ್ಲದಿದ್ದರೆ ನನಗೆ ಕಾದಿದ್ದದ್ದು ಕೊಡಗಿನ ಕಾಫಿ ತೋಟದ ಕೂಲಿ.

ಎಂಟು ತಿಂಗಳು ಚೆನ್ನಾಗಿಯೇ ನಿಂತೆ. ಒಂದು ಮಧ್ಯಾಹ್ನ, ನನ್ನನ್ನು ಎತ್ತಿ ಆಡಿಸಿದ ದೊಡ್ಡವ್ವ ತೀರಿಕೊಂಡಳೆಂದು ಹಾಡಿಯಿಂದ ಸುದ್ದಿ ಬಂತು. ನಮ್ಮಲ್ಲಿ ಸಾವಿನ ಸುದ್ದಿ ಕಿವಿಗೆ ಬಿದ್ದರೆ ಎದ್ದು ಹೊರಡಬೇಕು. ಅಪ್ಪಣೆ ಕೇಳುವ ಪದ್ಧತಿಯಿಲ್ಲ. ಕಾರ್ಯ ಮುಗಿಯುವವರೆಗೆ ಹಾಡಿ ಬಿಟ್ಟು ಕದಲುವಂತೆಯೂ ಇಲ್ಲ. ಬಟ್ಟೆ ಕೂಡ ಬದಲಿಸದೆ ಬಸ್ಸು ಹತ್ತಿದೆ. ಇಳಿದು ನಡೆಯುವಾಗ ಗೊತ್ತಾಯಿತು, ವಾರ್ಡಿನ ಔಷಧದ ಬೀರುವಿನ ಬೀಗದ ಕೈ ನನ್ನ ಜೇಬಿನಲ್ಲೇ ಇದೆ!

ಮುಗಿಯಿತು ನನ್ನ ಕಥೆ ಎಂದುಕೊಂಡೆ. ಓಡಿಹೋದವಳು ಮಾತ್ರವಲ್ಲ, ಈಗ ಕಳ್ಳಿಯೂ ಆದೆ. ಯಾವ ಮುಖ ಹೊತ್ತು ವಾಪಸು ಹೋಗಲಿ? ಹಿಂದಿನ ಮೂವರೂ ಹೀಗೇ ಸಾವಿಗೋ ಹಬ್ಬಕ್ಕೋ ಬಂದು, ನಾಚಿಕೆಯಿಂದ ಹಾಡಿಯಲ್ಲೇ ಉಳಿದವರು.

ಮೂರನೇ ದಿನ ಮೇಟ್ರನ್ ಅಮ್ಮ ಬಂದರು. ಬಸ್ಸಿಳಿದು ಮೂರು ಮೈಲಿ ಮಣ್ಣಿನ ದಾರಿ ನಡೆದು... ನಾನು ಗುಡಿಸಲ ಹಿಂದೆ ಅವಿತುಕೊಂಡೆ. ಅವರು ನನ್ನ ಹೆಸರನ್ನೇ ಎತ್ತಲಿಲ್ಲ. ಬಿಳಿ ಸೀರೆಯಲ್ಲೇ ಹೆಂಗಸರ ಜೊತೆ ನೆಲದ ಮೇಲೆ ಕುಳಿತು, ಕೊಟ್ಟ ಕರಿ ಟೀ ಕುಡಿದು, ಸತ್ತವಳ ಬಗ್ಗೆ ಕೇಳಿದರು. ಎಷ್ಟು ದಿನದ ಕಾರ್ಯ ಎಂದು ವಿಚಾರಿಸಿದರು. ಆಮೇಲೆ ಗಟ್ಟಿಯಾಗಿ ಕೂಗಿದರು:

"ಎಲ್ಲಮ್ಮಾ ಅವ್ಳು? ನನ್ ಬೀರು ಬೀಗದ ಕೈ ತಗೊಂಡ್ ಬಂದ್ಬುಟ್ಟವ್ಳೆ!"

ತಲೆ ತಗ್ಗಿಸಿ ಬಂದು ಕೊಟ್ಟೆ. ಅದನ್ನು ತಮ್ಮ ಗೊಂಚಲಿಗೆ ಸೇರಿಸುವಾಗ ನೋಡಿದೆ, ಅದೇ ಬೀರುವಿನ ಇನ್ನೊಂದು ಬೀಗದ ಕೈ ಆಗಲೇ ಅಲ್ಲಿತ್ತು. ಅವರು ಬಂದದ್ದು ನನಗಾಗಿ. ಅಳು ತಡೆಯಲಾಗಲಿಲ್ಲ.

"ಬೈಯೋದೆಲ್ಲ ವಾರ್ಡಲ್ಲೇ ಬೈತೀನಿ ಕಣೇ. ಕಾರ್ಯ ಮುಗಿಸ್ಕೊಂಡು ಬಾ" ಎಂದು ಹೊರಟರು.

ಹೇಳಿದಂತೆ ಬೈದರು, ಅದರಲ್ಲೇನೂ ಕಡಿಮೆ ಮಾಡಲಿಲ್ಲ. ಮ್ಯಾನೇಜರನ್ನೂ ಬಿಡಲಿಲ್ಲ. "ಅವ್ರು ಓಡೋಗಲ್ಲ ಕಣ್ರೀ. ಹೋದೋರ್ನ ನಾವು ಕರೆಯಲ್ಲ, ಅದಕ್ಕೆ ಅವ್ರು ಬರಲ್ಲ. ಅಷ್ಟೇ" ಎಂದರು. ಅಂದಿನಿಂದ ಅವರದೇ ಒಂದು ಪದ್ಧತಿ ಜಾರಿಗೆ ಬಂತು. ಸಾವಿನ ಸುದ್ದಿ ಬಂದರೆ ಬೀಗದ ಕೈ ಅವರಿಗೆ ಒಪ್ಪಿಸಿ ಹೊರಡುವುದು. ರಜೆಯ ಅರ್ಜಿ ಬರೆಯುವುದು ವಾಪಸು ಬಂದ ಮೇಲೆ. ಹಾಡಿಯಿಂದ ಹೊಸದಾಗಿ ಬಂದವಳನ್ನು ಒಬ್ಬಳನ್ನೇ ಯಾವ ವಾರ್ಡಿಗೂ ಹಾಕುತ್ತಿರಲಿಲ್ಲ, ಜೊತೆಗೆ ನಮ್ಮವಳೊಬ್ಬಳು ಇರಲೇಬೇಕು. ಹಿಂದೆ ಬಿಟ್ಟು ಹೋಗಿದ್ದ ಮೂವರಲ್ಲಿ ಇಬ್ಬರನ್ನು ನಾನೇ ಹೋಗಿ ಕರೆತಂದೆ. ಮೂರನೆಯವಳಿಗೆ ಅಷ್ಟರಲ್ಲಿ ಮದುವೆಯಾಗಿತ್ತು...

ಈಗ ಅವರ ಕುರ್ಚಿಯಲ್ಲಿ ಕೂರುವವಳು ನಾನು. ನಮ್ಮ ಹಾಡಿಗಳ ಐವರು ನನ್ನ ಕೈಕೆಳಗಿದ್ದಾರೆ. ಯಾರೂ ಬಿಟ್ಟು ಹೋಗಿಲ್ಲ, ಹೋಗಲು ನಾನು ಬಿಡುವವಳೂ ಅಲ್ಲ.

ಮೇಟ್ರನ್ ಅಮ್ಮನ ಮನೆ ನಮ್ಮ ಆಸ್ಪತ್ರೆಯಿಂದ ನಡೆದು ಹೋಗುವಷ್ಟು ಹತ್ತಿರ. ಹೋದ ವರ್ಷ ಅವರು ತೀರಿಕೊಂಡಾಗ ಮನೆಯವರು ನೆಂಟರಿಗೆಲ್ಲ ಫೋನ್ ಮಾಡಿದರು. ಆಸ್ಪತ್ರೆಗೂ ತಿಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ನನಗೆ ಗೊತ್ತಾಗುವಷ್ಟರಲ್ಲಿ ವೈಕುಂಠ ಸಮಾರಾಧನೆಯೂ ಮುಗಿದಿತ್ತು. ಯಾರ ಯಾರ ಸಾವಿಗೋ ಎದ್ದು ಓಡಿದವಳು ನಾನು. ಅವರ ಪಕ್ಕ ಒಂದು ಗಳಿಗೆ ಕೂರುವುದಕ್ಕೆ ಆಗಲಿಲ್ಲ.