ಅತ್ತೆಗೆ ತಂದ ಜೇನು

ನಾರಾಯಣಪುರದ ನಮ್ಮ ಓಣಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಮೊದಲ ಜೇನು ನೆಕ್ಕಿಸುತ್ತಿದ್ದವರು ನನ್ನ ಅತ್ತೆ ಕಮಳಾಬಾಯಿ. ನೆಕ್ಕಿಸಿದವರ ಗುಣ ಕೂಸಿಗೆ ಬರುತ್ತದಂತೆ. ಸುಡುಬಿಸಿಲಲ್ಲಿ ಕಳೆ ಕೀಳುವಾಗಲೂ ನಗುತ್ತಿದ್ದ ಅವರ ಗುಣ ಎಲ್ಲರಿಗೂ ಬೇಕಿತ್ತು. ನನ್ನ ಸುಮೇಧ ಹುಟ್ಟಿದಾಗ ನಾನೊಬ್ಬಳೇ ಬೇಡವೆಂದೆ. ವರ್ಷ ತುಂಬದ ಮಕ್ಕಳಿಗೆ ಜೇನು ವಿಷವಾಗಬಹುದೆಂದು ನಾನು ಓದಿ ಬೆಳೆದ ಕಲಬುರಗಿಯಲ್ಲಿ ಡಾಕ್ಟರು ಹೇಳಿದ್ದರು.

ಆಮೇಲೆ ಅತ್ತೆಗೆ ಮರೆವು ಹೆಚ್ಚಿತು. ಹುಮನಾಬಾದಿನ ಡಾಕ್ಟರು ಅಲ್ಝೈಮರ್ ಎಂದರು. ಜೇನು, ಜೇನುಗೂಡಿನ ಅಂಟು ನೆನಪಿಗೆ ಒಳ್ಳೆಯದಂತೆ ಎಂದು ನನ್ನ ಗಂಡ ಅವಿನಾಶ ಮೊಬೈಲ್ ತೋರಿಸಿದರು.

"ಇಲಿ ಮ್ಯಾಲ ನೋಡ್ಯಾರ್ರಿ. ಮನುಷ್ಯಾರಿಗಿ ಇನ್ನಾ ಖಾತ್ರಿ ಇಲ್ಲ," ಎಂದೆ ನಾನು.

ಆದರೂ ತಂದೆವು. ದಿನಾ ಬೆಳಿಗ್ಗೆ ಬಟ್ಟಲಿಗೆ ಒಂದು ಚಮಚ ಜೇನು ಹಾಕಿ ಅತ್ತೆಯ ಕೈಗಿಟ್ಟು ನಾನು ರೊಟ್ಟಿ ಬಡಿಯಲು ಹೋಗುತ್ತಿದ್ದೆ. ಬಟ್ಟಲು ಖಾಲಿಯಾಗಿ ಬರುತ್ತಿತ್ತು. ಮೂರನೇ ವಾರ, "ರತ್ನಮಾಲಾ, ಚಾ ಆತೇನ?" ಎಂದು ಹೆಸರು ಹಿಡಿದೇ ಕರೆದರು. ನಾನು ಕುಣಿಯುವುದೊಂದು ಬಾಕಿ.

ಮರುದಿನ ಏನೋ ನೆನಪಾಗಿ ಹಿಟ್ಟಿನ ಕೈಯಲ್ಲೇ ಹೊರಬಂದೆ. ಅತ್ತೆ ಬಟ್ಟಲಲ್ಲಿ ಬೆರಳದ್ದಿ, ತೊಡೆಯ ಮೇಲಿದ್ದ ಸುಮೇಧನ ಬಾಯಿಗಿಡುತ್ತಿದ್ದರು. ಏಳು ತಿಂಗಳ ಕೂಸು ಚಪ್ಪರಿಸುತ್ತಿತ್ತು.

"ಅತ್ತೀ! ಏನ್ ಮಾಡಾಕತ್ತೀರಿ?"

"ಚೀರಬ್ಯಾಡ, ಕೂಸು ಅಂಜ್ತದ. ಇಷ್ಟು ಸಾಲಿ ಕಲ್ತೀದಿ, ಕೂಸಿದ್ದ ಮನ್ಯಾಗ ಜೇನು ತರೂದು ಯಾರಿಗಿ ಅಂತ ಗೊತ್ತಿಲ್ಲೇನ?"

"ನೀವು ತಿಂದಿಲ್ಲ?"

"ನಾ ಏನ್ ಕೂಸೇನ?" ಎಂದು ನಕ್ಕರು.

ಬಟ್ಟಲು ಕಿತ್ತುಕೊಂಡು ಸುಮೇಧನನ್ನು ಎತ್ತಿಕೊಂಡೆ. ಇವತ್ತೊಂದೇ ದಿನವೋ, ಇಪ್ಪತ್ತು ದಿನವೋ? ನಾನೇ ನನ್ನ ಕೈಯಾರೆ ಹಾಕಿಕೊಟ್ಟಿದ್ದೆನಲ್ಲ!

ಅತ್ತೆಯನ್ನೂ ಆಟೋದಲ್ಲಿ ಕೂರಿಸಿಕೊಂಡು ಬಸವಕಲ್ಯಾಣಕ್ಕೆ ಓಡಿದೆ. ಮಕ್ಕಳ ಡಾಕ್ಟರು ಸುಮೇಧನ ಕತ್ತು, ಕಣ್ಣುರೆಪ್ಪೆ, ಹೊಟ್ಟೆ ಎಲ್ಲ ನೋಡಿದರು.

"ಈಗೇನೂ ಕಾಣ್ವಲ್ದು. ಹಾಲು ಕುಡೀದು ಕಮ್ಮಿ ಆದ್ರ, ಅಳೂ ದನಿ ಸಣ್ಣಾದ್ರ, ಸಂಡಾಸ ನಿಂತ್ರ ಹಂಗೇ ಬರ್ರಿ. ಎಷ್ಟು ಸಲ ನೆಕ್ಕಿಸೀರಿ?"

ಅದನ್ನು ಬಲ್ಲವರು ಒಬ್ಬರೇ. ನಾನು ಅತ್ತೆಯ ಮುಖ ನೋಡಿದೆ. ಅವರು ಬೆರಳು ಮಡಚಿದರು, ಬಿಚ್ಚಿದರು.

"ಯಾವ ಕೂಸ್ರಿ, ಸಾಹೇಬ್ರ?"

ನನ್ನ ಸೊಂಟದ ಮೇಲಿಂದ ಸುಮೇಧ ಅವರ ಸೆರಗು ಎಳೆಯುತ್ತಿದ್ದ. ಡಾಕ್ಟರು ಪೆನ್ನು ಕೆಳಗಿಟ್ಟು, ಒಂದು ತಿಂಗಳು ಕಣ್ಣಿಟ್ಟಿರಲು ಹೇಳಿದರು.

ಇಂದಿಗೆ ಒಂಬತ್ತು ದಿನ. ಪ್ರತಿ ಸಲ ಎದೆಗೆ ಹಾಕಿಕೊಂಡಾಗಲೂ ಅವನು ಎಷ್ಟು ಜೋರಾಗಿ ಎಳೆಯುತ್ತಾನೆಂದು ನೋಡುತ್ತೇನೆ.