ಗ್ರಾಫಿನಲ್ಲೊಂದು ಗುಂಡಿ

ನಮ್ಮ ಕೆಜಿಎಫ್ ಕಾಲೇಜಿನ ಲ್ಯಾಬ್ ಅಟೆಂಡರಣ್ಣನ ದನಿಯನ್ನು ನಾನು ಅವರಿಗಿಂತ ಚೆನ್ನಾಗಿ ತೆಗೆಯುತ್ತಿದ್ದೆ. ಮೂಗಿನಿಂದ ಹೊರಡುವ ತಮಿಳು, ಮಾತಿಗೊಂದು ಕೆಮ್ಮು, ಎಲ್ಲ ಸಮೇತ. ಮಾರಿಕುಪ್ಪಂ ರೈಲಿನಲ್ಲಿ ಕೇಳಿದವರು ನಕ್ಕು ಸೀಟು ಬಿಟ್ಟುಕೊಟ್ಟದ್ದೂ ಉಂಟು. ಅದರಲ್ಲಿ ಒಂದು ಪದದ ಅರ್ಥವೂ ಗೊತ್ತಿಲ್ಲ ಎಂಬುದು ಬೂದಿಕೋಟೆ ಕಡೆಯ ಈ ಕನ್ನಡ-ತೆಲುಗು ಗಿಳಿಗೆ ಮಾತ್ರ ತಿಳಿದಿದ್ದ ಗುಟ್ಟು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಕೆಜಿಎಫ್‌ನವಳೇ ಒಬ್ಬ ಹುಡುಗಿ ಜೊತೆಗಿದ್ದಳು. ತಾಮ್ರದ ಎರಡು ಸಲ್ಫೈಡ್ ಖನಿಜ, ಒಂದು ಬೂದು, ಒಂದು ಹಳದಿ. ಬೆರೆತಿರುವ ಎರಡನ್ನೂ ಬೇರೆ ಮಾಡಬೇಕು. ಪುಡಿಮಾಡಿ ನೀರಿಗೆ ಹಾಕಿ, ಕ್ಸಾಂಥೇಟ್ ಎಂಬ ರಾಸಾಯನಿಕ ಬೆರೆಸಿ ಗಾಳಿ ಊದಿದರೆ, ಕಣಗಳು ಗುಳ್ಳೆಗೆ ಅಂಟಿ ನೊರೆಯಾಗಿ ತೇಲುತ್ತವೆ; ಅದನ್ನು ಹಲಗೆಯಿಂದ ಬಾಚಿ ತೆಗೆಯುವುದು. ಯಾವುದು ಮೊದಲು ಎಂದು ತೀರ್ಮಾನಿಸುವುದು ನೀರಿನ ವಿದ್ಯುತ್ ವಿಭವ. ಮಿಲಿವೋಲ್ಟ್ ಕಡಿಮೆಯಿದ್ದಾಗಲೇ ಕ್ಸಾಂಥೇಟ್ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಬೂದು ಕಣದ ಮೈಗೆ ಹತ್ತಿಕೊಳ್ಳುತ್ತದೆ. ಹಳದಿಗೆ ಜಂಬ ಜಾಸ್ತಿ, ಮೀಟರು ಏರುವ ತನಕ ಕದಲುವುದಿಲ್ಲ. ತೀರಾ ಇಳಿದರೆ ಎರಡೂ ತಳಕ್ಕೆ.

ಉಳಿದಿದ್ದದ್ದು ಕೊನೆಯ ಪೊಟ್ಟಣ ಅದಿರು. ಅದು ಕೆಟ್ಟರೆ ಇಬ್ಬರಿಗೂ ಇನ್ನೊಂದು ವರ್ಷ.

ಬೂದು ನೊರೆ ಎದ್ದು ಅಂಚಿಗೆ ಬಂತು. ಅಟೆಂಡರಣ್ಣ ಹಿಂದಿನಿಂದ, "ಇಳು, ತಂಬಿ, ಇಳು," ಎಂದರು. ಇಳಿಸು ಎನ್ನುತ್ತಿದ್ದಾರೆ ಅಂದುಕೊಂಡೆ. ಮೀಟರು ಸರಿಯಾಗೇ ಇದೆ ಅನ್ನಿಸಿತು, ಆದರೆ ಅಷ್ಟು ವರ್ಷದ ಅನುಭವದ ಮುಂದೆ ನಾನು ಯಾರು? ವಿಭವ ಇಳಿಸುವ ಸೋಡಿಯಂ ಸಲ್ಫೈಡಿನ ಸೀಸೆ ಬಗ್ಗಿಸಿದೆ. ಅವರು ಇನ್ನೂ ಜೋರಾಗಿ ಅದನ್ನೇ ಹೇಳಿದರು. ನಾನು ಇನ್ನಷ್ಟು ಬಗ್ಗಿಸಿದೆ. ನೊರೆ ಸೋಪಿನ ನೀರಿನಂತೆ ಬೆಳ್ಳಗಾಯಿತು, ಖನಿಜವೆಲ್ಲ ಮುಳುಗಿತು.

"ಏನ್ಲಾ ಮಾಡ್ದೆ?" ಎಂದಳು ಜೊತೆಗಾತಿ. "ಇಳು ಅಂದ್ರೆ ಎಳಿ ಅಂತ ಕಣ್ಲಾ. ನೊರೆ ಎಳಿ ಅಂದ್ರು. ದಿನಾ ಅವ್ರಂಗೇ ಮಾತಾಡ್ತೀಯ, ತಮಿಳು ಬರಲ್ವಾ ನಿಂಗೆ?"

ಬರುವುದಿಲ್ಲ ಎಂದೆ, ನನ್ನ ಸ್ವಂತ ದನಿಯಲ್ಲಿ. ಅದು ಎಷ್ಟು ಸಣ್ಣಗಿತ್ತೆಂದರೆ ನನಗೇ ಗುರುತು ಸಿಗಲಿಲ್ಲ.

ಅಟೆಂಡರಣ್ಣ ಬೈಯಲಿಲ್ಲ. ಗಾಳಿಯ ಕೊಳಾಯಿಯನ್ನು ಪೂರ್ತಿ ತೆರೆದು ಸ್ಟೂಲಿನ ಮೇಲೆ ಕೂತರು. ಗಾಳಿಯ ಆಮ್ಲಜನಕ ಆ ಸಲ್ಫೈಡನ್ನು ತಿಂದುಹಾಕಿದಂತೆಲ್ಲ ಮೀಟರು ನಿಧಾನಕ್ಕೆ ಏರಿತು. ಬೂದು ಮತ್ತೆ ಎದ್ದಿತು. "ಇಳು," ಎಂದರು. ನನ್ನ ಕೈ ಸೀಸೆಯ ಕಡೆ ಹೋಗಿ, ನೊರೆ ಎಳೆಯುವ ಹಲಗೆಯ ಕಡೆ ಹೋಗಿ, ನಡುವೆ ನಿಂತುಬಿಟ್ಟಿತು. ಅವಳೇ ಹಲಗೆ ಕಿತ್ತುಕೊಂಡು ಎಳೆದಳು. ಹಳದಿ ಬಂದದ್ದು ಆಮೇಲೆ.

ವೈವಾದಲ್ಲಿ ಮೇಷ್ಟ್ರು, ಮೀಟರಿನ ಮತ್ತು ನೊರೆಯ ಏರಿಳಿತ ಬರೆದಿದ್ದ ಗ್ರಾಫಿನ ನಡುವಿನ ಗುಂಡಿಗೆ ಬೆರಳಿಟ್ಟು ಇದೇನಯ್ಯ ಅಂದರು. ಭಾಷೆಯ ತೊಂದರೆ ಸರ್ ಅಂದೆ. ಅವರು ನಗಲಿಲ್ಲ. ಇಳಿಸಿದಾಗ ಮುಳುಗಿದ್ದು ಏರಿದಾಗ ಎದ್ದಿದೆಯಲ್ಲ, ಇದು ವಿಭವದ್ದೇ ಕೆಲಸ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು, ಹೀಗೆ ಪರೀಕ್ಷಿಸಬೇಕೆಂದು ಯಾರಿಗೆ ಹೊಳೆಯಿತು ಎಂದು ಕೇಳಿದರು. ಜೊತೆಗಾತಿ ನನ್ನನ್ನು ನೋಡಿದಳು. ನಾನು ಬಾಗಿಲಲ್ಲಿದ್ದ ಅಟೆಂಡರಣ್ಣನನ್ನು ನೋಡಿದೆ. ಅವರು ಕೆಮ್ಮಿದರು.

ಪಾಸಾದೆವು. ಪ್ರಯೋಗಕ್ಕೋ, ನನ್ನ ತಪ್ಪಿಗೋ ಎಂದು ಇವತ್ತಿಗೂ ನನಗೆ ಸ್ಪಷ್ಟವಿಲ್ಲ.