ಮೂಕಿ ಸಿನಿಮಾಕ್ಕೊಂದು ಒಡಪು

ದಾವಣಗೆರೆಯ ಸಭಾಂಗಣವೊಂದರಲ್ಲಿ ಹಳೇ ಮೂಕಿ ಸಿನಿಮಾ ತೋರಿಸುವವರಿದ್ದರು. ಕೊಲೆಗಾರನ ಕಥೆ. ತೆರೆಯ ಪಕ್ಕದಲ್ಲೇ ಕೂತು ಅದಕ್ಕೆ ಹಾರ್ಮೋನಿಯಂ ನುಡಿಸುವ ಕೆಲಸ ನನ್ನದು. ಜೊತೆಗಿರಬೇಕಾದ ತಬಲಾದವರು ಜ್ವರ ಬಂದು ಮಲಗಿಬಿಟ್ಟರು. ಅವರ ಬದಲಿಗೆ ಯಾರೋ ಹರಿಹರದಿಂದ ಬಸಣ್ಣನವರನ್ನು ಕರೆಸಿದರು. ವೀರಭದ್ರ ದೇವರ ಮೆರವಣಿಗೆಯಲ್ಲಿ ಸಮಾಳ ಎಂಬ ಚರ್ಮವಾದ್ಯ ಬಾರಿಸುವವರು ಅವರು.

"ಒಡಪು ಹೇಳೋರು ಯಾರ್ರಿ?" ಅಂದರು ಬಂದವರೇ. ದೇವರ ಮಹಿಮೆಯನ್ನು ಕೂಗಿ ಹೇಳುವುದೇ ಒಡಪು.

"ಇದು ಮೂಕಿ ಸಿನಿಮಾ ರೀ. ಯಾರೂ ಏನೂ ಹೇಳಂಗಿಲ್ಲ."

"ಮತ್ತೆ ನಾನು ನಿಲ್ಸೋದು ಹೆಂಗೆ? ಒಡಪು ಎದ್ರೇನೇ ಸಮಾಳ ನಿಲ್ಲೋದು. ನಮ್ ಪದ್ಧತಿ ಹಂಗೈತೆ."

ಕಣ್ಸನ್ನೆ ಮಾಡ್ತೀನಿ ಅಂದೆ. ಕತ್ತಲಲ್ಲಿ ನನ್ನ ಕಣ್ಣು ಯಾರಿಗೆ ಕಾಣಬೇಕು?

ತೆರೆಯ ಮೇಲೆ ಕೊಲೆಗಾರ ಬಾಗಿಲ ಹಿಂದೆ ನಿಂತ. ನಾಯಕಿ ಚಿಲಕಕ್ಕೆ ಕೈ ಹಾಕಿದಳು. ಅಲ್ಲಿ ಪೂರ್ತಿ ಮೌನ ಬೇಕಿತ್ತು. ನಾನು ನಿಲ್ಲಿಸಿದೆ, ಬಸಣ್ಣ ಬಾರಿಸುತ್ತಲೇ ಇದ್ದರು. ಬೇರೆ ದಾರಿ ಕಾಣದೆ, ಜನ್ಮದಲ್ಲಿ ಒಡಪು ಹೇಳದ ನಾನು ಗಂಟಲು ಹರಿಯುವಂತೆ "ಅಹಹಾ ರುದ್ರಾ" ಎಂದು ಕೂಗಿಬಿಟ್ಟೆ.

ಸಮಾಳ ಗಕ್ಕನೆ ನಿಂತಿತು. ಕೂಗೂ ಸಿನಿಮಾದ್ದೇ ಅಂದುಕೊಂಡ ಜನ ಉಸಿರು ಬಿಗಿಹಿಡಿದರು. ಬಾಗಿಲು ತೆರೆದಾಗ ಬಸಣ್ಣ ಒಂದೇ ಒಂದು ಪೆಟ್ಟು ಕೊಟ್ಟರು ನೋಡಿ, ಇಡೀ ಸಭಾಂಗಣ ಕುರ್ಚಿಯಿಂದ ಎದ್ದಿತು. ಸಿನಿಮಾ ಮುಗಿದ ಮೇಲೂ ಚಪ್ಪಾಳೆ ನಿಲ್ಲಲಿಲ್ಲ.

"ಒಡಪು ಬರ್ತೈತೆ ಅಂತ ಮೊದ್ಲೇ ಹೇಳ್ಬಾರ್ದಾ?" ಅಂದರು ಬಸಣ್ಣ.

ಈಗ ಅವರ ಮುಂದಿನ ಮೆರವಣಿಗೆಗೆ ನನ್ನನ್ನು ಕರೆದಿದ್ದಾರೆ. ಹಾರ್ಮೋನಿಯಂ ಮಾತ್ರ ತರಬ್ಯಾಡ್ರಿ ಅಂದಿದ್ದಾರೆ.